ಅಳತೆಗೆ ನಿಲ್ಲಬೇಕಾದ ಮದ್ದು: ಬ್ಯಾಕ್ಟೀರಿಯೊಫೇಜ್ ಚಿಕಿತ್ಸೆಯ ನೂರು ವರ್ಷ



ಆ್ಯಂಟಿಬಯಾಟಿಕ್‌ಗಳಿಗೆ ಬಗ್ಗದ ಬ್ಯಾಕ್ಟೀರಿಯಾಗಳಿಂದಾಗಿ 2019ರ ಒಂದೇ ವರ್ಷದಲ್ಲಿ ಜಗತ್ತಿನಲ್ಲಿ ಸುಮಾರು 12.7 ಲಕ್ಷ ಜನ ಸತ್ತರು. ಇಂಥ ಬ್ಯಾಕ್ಟೀರಿಯಾ ಸೋಂಕು ಬೇರೆ ಕಾಯಿಲೆಗಳೊಡನೆ ಕೂಡಿಕೊಂಡಿದ್ದ ಸಾವುಗಳನ್ನೂ ಸೇರಿಸಿದರೆ ಲೆಕ್ಕ 49.5 ಲಕ್ಷಕ್ಕೆ ಏರುತ್ತದೆ. ಅಂತಾರಾಷ್ಟ್ರೀಯ ಸಂಶೋಧಕರ ದೊಡ್ಡ ತಂಡವೊಂದು 2022ರಲ್ಲಿ ಪ್ರಕಟಿಸಿದ ಅಂದಾಜು ಇದು. ನಮ್ಮ ದೇಶದ ಚಿತ್ರವೂ ಮುಚ್ಚಿಟ್ಟದ್ದೇನಲ್ಲ. ದೊಡ್ಡ ಆಸ್ಪತ್ರೆಗಳಿಂದ ಮಾದರಿಗಳನ್ನು ತರಿಸಿ ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ ವರ್ಷವರ್ಷವೂ ವರದಿ ಪ್ರಕಟಿಸುತ್ತದೆ. ಬೇರೆಲ್ಲ ಮದ್ದು ಸೋತಾಗ ವೈದ್ಯರು ಕೈಗೆತ್ತಿಕೊಳ್ಳುವುದು ಕಾರ್ಬಪೆನೆಮ್ ವರ್ಗದ ಔಷಧಗಳನ್ನು. ಈಚಿನ ವರದಿಗಳ ಪ್ರಕಾರ ಕ್ಲೆಬ್ಸಿಯೆಲ್ಲಾ ಎಂಬ ಬ್ಯಾಕ್ಟೀರಿಯಾದ ಮಾದರಿಗಳಲ್ಲಿ ಅರ್ಧಕ್ಕಿಂತ ಹೆಚ್ಚಿನವು ಆ ಔಷಧಗಳಿಗೂ ಬಗ್ಗುತ್ತಿಲ್ಲ. ದೆಹಲಿಯ ಮೂರು ಆಸ್ಪತ್ರೆಗಳಲ್ಲಿ ನವಜಾತ ಶಿಶುಗಳ ರಕ್ತನಂಜನ್ನು ಕುರಿತು ನಡೆದ ಅಧ್ಯಯನದಲ್ಲಿ ಎಲ್ಲಕ್ಕಿಂತ ಹೆಚ್ಚಾಗಿ ಸಿಕ್ಕಿದ್ದು ಅಸಿನೆಟೊಬ್ಯಾಕ್ಟರ್ ಎಂಬ ಬ್ಯಾಕ್ಟೀರಿಯಾ. ಅದರಲ್ಲಿ ಬಹುಪಾಲು ಹಲವು ಔಷಧಗಳನ್ನು ಒಟ್ಟಿಗೇ ಮೀರಿ ನಿಂತಿತ್ತು. ಹುಟ್ಟಿ ಮೂರು ದಿನವಾಗದ ಕೂಸಿಗೆ ಕೊಡಲು ಮದ್ದಿಲ್ಲ ಎನ್ನಬೇಕಾಗಿ ಬರುವುದು ವೈದ್ಯಕೀಯದ ಹಿನ್ನಡೆ ಮಾತ್ರವಲ್ಲ, ಅದು ಸಮಾಜದ ಹೊಣೆಯ ಪ್ರಶ್ನೆಯೂ ಹೌದು.

ಈ ಹಿನ್ನೆಲೆಯಲ್ಲಿ, ನೂರು ವರ್ಷಗಳ ಹಿಂದೆಯೇ ಕಂಡುಕೊಂಡು ನಂತರ ಬಹುಪಾಲು ಕೈಬಿಟ್ಟ ಚಿಕಿತ್ಸೆಯೊಂದು ಮತ್ತೆ ಚರ್ಚೆಗೆ ಬಂದಿದೆ. ಬ್ಯಾಕ್ಟೀರಿಯಾಗಳನ್ನು ಕೊಲ್ಲುವ ವೈರಸ್‌ಗಳನ್ನೇ ಮದ್ದಾಗಿ ಬಳಸುವುದು ಆ ಚಿಕಿತ್ಸೆ. ಪತ್ರಿಕೆಗಳಲ್ಲಿ ಇದು ಪವಾಡದಂತೆ ವರ್ಣಿತವಾಗುತ್ತಿದೆ. ಕೆಲವು ವೈದ್ಯರು ಇದನ್ನು ಹಳೆಯ ಮೂಢನಂಬಿಕೆ ಎಂದು ತಳ್ಳಿಹಾಕುತ್ತಾರೆ. ಎರಡೂ ತಪ್ಪು ಎಂದು ನನ್ನ ಅಭಿಪ್ರಾಯ. ಈ ಚಿಕಿತ್ಸೆ ಎಲ್ಲೆಲ್ಲಿ ಸೋತಿತೋ ಅಲ್ಲೆಲ್ಲ ಬಹುತೇಕ ಅಳತೆ ತಪ್ಪಿತ್ತು, ಎಲ್ಲಿ ಗೆದ್ದಿತೋ ಅಲ್ಲಿ ರೋಗಿಯ ಪಕ್ಕದಲ್ಲೊಂದು ಸಮರ್ಥ ಪ್ರಯೋಗಾಲಯವಿತ್ತು. ಇದನ್ನು ತಮ್ಮೆದುರು ಆಧಾರಸಹಿತವಾಗಿ ಇಡಲು ಪ್ರಯತ್ನಿಸುತ್ತೇನೆ.

ಮೊದಲು ತತ್ತ್ವ. ಬ್ಯಾಕ್ಟೀರಿಯೊಫೇಜ್, ಚಿಕ್ಕದಾಗಿ ಫೇಜ್, ಬ್ಯಾಕ್ಟೀರಿಯಾದೊಳಗೆ ಮಾತ್ರ ಬೆಳೆಯಬಲ್ಲ ವೈರಸ್. ಮನುಷ್ಯನ ಜೀವಕೋಶಗಳಿಗೆ ಅದರಿಂದ ಸೋಂಕು ತಗಲುವುದಿಲ್ಲ. ಮಣ್ಣು, ಕೆರೆ, ಸಮುದ್ರ, ಚರಂಡಿ, ನಮ್ಮ ಕರುಳು, ಹೀಗೆ ಬ್ಯಾಕ್ಟೀರಿಯಾ ಇರುವ ಕಡೆಯಲ್ಲೆಲ್ಲ ಫೇಜ್ ಇದೆ. ಭೂಮಿಯ ಮೇಲಿನ ಅವುಗಳ ಒಟ್ಟು ಸಂಖ್ಯೆಯನ್ನು ಒಂದರ ಮುಂದೆ 31 ಸೊನ್ನೆ ಇಟ್ಟಷ್ಟು ಎಂದು ಅಂದಾಜಿಸುತ್ತಾರೆ. ಅತಿ ಹೆಚ್ಚು ಅಧ್ಯಯನಕ್ಕೆ ಒಳಗಾಗಿರುವ ಟಿ4 ಎಂಬ ಫೇಜ್ ಮಿಲಿಮೀಟರಿನ ಐದು ಸಾವಿರದಲ್ಲಿ ಒಂದು ಪಾಲಿನಷ್ಟು ಉದ್ದವಿರುತ್ತದೆ. ಅದಕ್ಕೆ ಡಿಎನ್‌ಎ ತುಂಬಿದ ತಲೆ, ಕೊಳವೆಯಂಥ ಬಾಲ, ಬಾಲದ ತುದಿಯಲ್ಲಿ ಎಳೆಕಾಲುಗಳು. ಈ ಎಳೆಗಳು ಬ್ಯಾಕ್ಟೀರಿಯಾದ ಹೊರಮೈಯ ನಿರ್ದಿಷ್ಟ ಅಣುವೊಂದನ್ನು ಗುರುತಿಸಿ ಅಂಟಿಕೊಳ್ಳುತ್ತವೆ. ಆಮೇಲೆ ಡಿಎನ್‌ಎ ಮಾತ್ರ ಒಳಗೆ ಇಳಿಯುತ್ತದೆ, ಖಾಲಿ ಕವಚ ಹೊರಗೇ ಉಳಿಯುತ್ತದೆ. ಬ್ಯಾಕ್ಟೀರಿಯಾದ ಯಂತ್ರಾಂಗವೆಲ್ಲ ಈಗ ಫೇಜ್ ತಯಾರಿಕೆಗೆ ತಿರುಗುತ್ತದೆ. ಸುಮಾರು ಅರ್ಧ ಗಂಟೆಯಲ್ಲಿ ಒಳಪೊರೆಗೆ ರಂಧ್ರ ಕೊರೆಯುವ ಪ್ರೋಟೀನೂ ಗೋಡೆಯನ್ನು ಕರಗಿಸುವ ಕಿಣ್ವವೂ ಸಿದ್ಧವಾಗಿ, ಬ್ಯಾಕ್ಟೀರಿಯಾ ಒಡೆದು, ನೂರರ ಆಸುಪಾಸಿನಲ್ಲಿ ಹೊಸ ಫೇಜ್‌ಗಳು ಹೊರಬರುತ್ತವೆ.

ಇದರಿಂದ ಎರಡು ಪರಿಣಾಮಗಳು. ಮೊದಲನೆಯದು, ಮದ್ದು ತಾನೇ ಹೆಚ್ಚುತ್ತದೆ. ರೋಗಾಣು ಇರುವಷ್ಟು ಹೊತ್ತು ಬೆಳೆದು, ಅದು ತೀರಿದಾಗ ತಾನೂ ಕುಗ್ಗುತ್ತದೆ. ಆದರೆ ಹೀಗೆ ಹೆಚ್ಚಬೇಕಾದರೆ ರೋಗಾಣುವಿನ ಸಾಂದ್ರತೆಯೂ ಸಾಕಷ್ಟಿರಬೇಕು. ಈ ಷರತ್ತು ಮುಂದೆ ನಮಗೆ ಬೇಕಾಗುತ್ತದೆ. ಎರಡನೆಯದು, ಫೇಜ್ ಬಲು ಆಯ್ಕೆಯ ಜೀವಿ. ಒಂದು ಫೇಜ್ ಒಂದು ಜಾತಿಯ ಬ್ಯಾಕ್ಟೀರಿಯಾಕ್ಕೆ, ಎಷ್ಟೋ ಸಲ ಆ ಜಾತಿಯೊಳಗಿನ ಕೆಲವೇ ತಳಿಗಳಿಗೆ ಮಾತ್ರ ತಗಲುತ್ತದೆ. ಕ್ಲೆಬ್ಸಿಯೆಲ್ಲಾದ ಸುತ್ತ ಸಕ್ಕರೆ ಅಣುಗಳ ದಪ್ಪ ಹೊದಿಕೆಯಿರುತ್ತದೆ. ಎಪ್ಪತ್ತಕ್ಕೂ ಹೆಚ್ಚು ಬಗೆಯ ಹೊದಿಕೆಗಳು ಗುರುತಾಗಿವೆ. ಒಂದು ಬಗೆಯನ್ನು ಭೇದಿಸುವ ಫೇಜ್ ಇನ್ನೊಂದರ ಮುಂದೆ ನಿರುಪಯುಕ್ತ. ನಮ್ಮ ಕರುಳಿನ ಉಪಕಾರಿ ಸೂಕ್ಷ್ಮಜೀವಿಗಳನ್ನು ಇದು ಮುಟ್ಟದೆ ಬಿಡುತ್ತದೆ ಎಂಬುದು ದೊಡ್ಡ ಅನುಕೂಲ. ಆದರೆ ರೋಗಿಯ ಬ್ಯಾಕ್ಟೀರಿಯಾ ಯಾವುದೆಂದು ತಿಳಿಯದೆ ಫೇಜ್ ಕೊಡುವುದೂ ಏನನ್ನೂ ಕೊಡದಿರುವುದೂ ಹೆಚ್ಚುಕಡಿಮೆ ಒಂದೇ.

ಹೊಂದಾಣಿಕೆ ನೋಡುವ ವಿಧಾನ ಇಂದಿಗೂ ಸರಳವಾಗಿದೆ. ಗಾಜಿನ ತಟ್ಟೆಯ ಅಗಾರ್ ಮೇಲೆ ರೋಗಿಯ ಬ್ಯಾಕ್ಟೀರಿಯಾವನ್ನು ಒತ್ತಾಗಿ ಬೆಳೆಸಿ, ಅದರ ಜೊತೆ ಫೇಜ್ ದ್ರಾವಣವನ್ನು ಬೆರೆಸಿರುತ್ತಾರೆ. ಫೇಜ್ ತಗುಲಿದ್ದರೆ ಮರುದಿನ ಆ ಮಬ್ಬು ಪದರದಲ್ಲಿ, ಬೆಂದ ದೋಸೆಯ ಮೇಲೆ ಎದ್ದ ತೂತುಗಳ ಹಾಗೆ, ತಿಳಿಯಾದ ವೃತ್ತಗಳು ಕಾಣುತ್ತವೆ. ಒಂದೊಂದು ವೃತ್ತವೂ ಒಂದು ಜೀವಂತ ಫೇಜ್‌ನಿಂದ ಶುರುವಾದದ್ದು. ಆದ್ದರಿಂದ ವೃತ್ತಗಳನ್ನು ಎಣಿಸಿದರೆ ಮಿಲಿಲೀಟರಿಗೆ ಎಷ್ಟು ಫೇಜ್ ಇದ್ದವೆಂದು ತಿಳಿಯುತ್ತದೆ. ಇಡೀ ಚಿಕಿತ್ಸೆ ನಿಂತಿರುವುದು ಈ ಎಣಿಕೆಯ ಮೇಲೆ.

ಇನ್ನು ಚರಿತ್ರೆಗೆ ಬರೋಣ. ಅದು ನಮ್ಮ ನೆಲಕ್ಕೂ ಸೇರಿದ್ದು. ಆಗ್ರಾದಲ್ಲಿದ್ದ ಬ್ರಿಟಿಷ್ ವಿಜ್ಞಾನಿ ಅರ್ನೆಸ್ಟ್ ಹ್ಯಾನ್‌ಬರಿ ಹ್ಯಾಂಕಿನ್ 1896ರಲ್ಲಿ, ಗಂಗಾ ಯಮುನೆಯರ ನೀರಿಗೆ ಕಾಲರಾ ಬ್ಯಾಕ್ಟೀರಿಯಾವನ್ನು ಕೊಲ್ಲುವ ಶಕ್ತಿಯಿದೆ ಎಂದು ಪ್ಯಾರಿಸಿನ ಪಾಶ್ಚರ್ ಸಂಸ್ಥೆಯ ಪತ್ರಿಕೆಯಲ್ಲಿ ಬರೆದರು. ಫೇಜ್ ಇತಿಹಾಸ ಗಂಗೆಯಿಂದ ಶುರುವಾಗುತ್ತದೆಂದು ಹಲವರು ಅಭಿಮಾನದಿಂದ ಹೇಳುವುದು ಈ ಬರಹವನ್ನು ನೆನೆದು. ಆ ಅಭಿಮಾನವನ್ನು ಸ್ವಲ್ಪ ತಡೆಹಿಡಿಯಬೇಕು. ತೆರೆದ ಪಾತ್ರೆಯಲ್ಲಿ ಕುದಿಸಿದರೆ ಆ ನೀರಿನ ಶಕ್ತಿ ಹೋಗುತ್ತಿತ್ತು, ಬಿಗಿಯಾಗಿ ಮುಚ್ಚಿದ ನಳಿಕೆಯಲ್ಲಿ ಕಾಯಿಸಿದರೆ ಉಳಿಯುತ್ತಿತ್ತು ಎಂದು ಹ್ಯಾಂಕಿನ್ ಅವರೇ ದಾಖಲಿಸಿದ್ದಾರೆ. ಆವಿಯಾಗಿ ಹೋಗುವ ಯಾವುದೋ ರಾಸಾಯನಿಕವಿರಬೇಕು ಎಂದು ಊಹಿಸಿದ್ದರು. ಫೇಜ್ ಆಗಿದ್ದರೆ ಮುಚ್ಚಿದ ನಳಿಕೆಯಲ್ಲೂ ಬಿಸಿಗೆ ಸಾಯಬೇಕಿತ್ತು. ಈ ಕಾರಣದಿಂದ ಈಚಿನ ಅಧ್ಯಯನಕಾರರು ಅದನ್ನು ಫೇಜ್‌ನ ಮೊದಲ ದಾಖಲೆಯೆಂದು ಒಪ್ಪಲು ಹಿಂಜರಿಯುತ್ತಾರೆ. ಗಂಗೆಯಲ್ಲಿ ಫೇಜ್‌ಗಳಿವೆ ಎಂಬುದರಲ್ಲಿ ಅನುಮಾನವಿಲ್ಲ. ಹ್ಯಾಂಕಿನ್ ಕಂಡದ್ದು ಅದನ್ನೇ ಎನ್ನಲು ಪುರಾವೆ ಸಾಲದು.

ಖಚಿತವಾದ ದಾಖಲೆಗಳು ಎರಡು. 1915ರಲ್ಲಿ ಲಂಡನ್ನಿನ ಫ್ರೆಡೆರಿಕ್ ಟ್ವಾರ್ಟ್, ಬ್ಯಾಕ್ಟೀರಿಯಾ ಬೆಳೆಗಳು ಗಾಜಿನಂತೆ ತಿಳಿಯಾಗಿ ಕರಗುವುದನ್ನೂ, ಸೂಕ್ಷ್ಮ ಶೋಧಕದಲ್ಲಿ ಹಾದು ಬಂದ ದ್ರವದಿಂದ ಆ ಗುಣ ಮುಂದಿನ ಬೆಳೆಗೆ ದಾಟುವುದನ್ನೂ ವಿವರಿಸಿದರು. 1917ರಲ್ಲಿ ಪ್ಯಾರಿಸಿನ ಫೆಲಿಕ್ಸ್ ದೆರೆಲ್, ಆಮಶಂಕೆಯಿಂದ ಚೇತರಿಸಿಕೊಳ್ಳುತ್ತಿದ್ದವರ ಮಲದಲ್ಲಿ ಆ ಬ್ಯಾಕ್ಟೀರಿಯಾವನ್ನೇ ಕೊಲ್ಲುವ ಅದೃಶ್ಯ ಜೀವಿಯೊಂದಿದೆ ಎಂದು ಸಾರಿ, ಅದಕ್ಕೆ ಇಂದಿನ ಹೆಸರಿಟ್ಟರು. ಎರಡೇ ವರ್ಷದಲ್ಲಿ, ತಾವು ಮೊದಲು ಕುಡಿದು ನೋಡಿ, ಪ್ಯಾರಿಸಿನ ಮಕ್ಕಳ ಆಸ್ಪತ್ರೆಯಲ್ಲಿ ಆಮಶಂಕೆಯ ರೋಗಿಗಳಿಗೆ ಕೊಟ್ಟರು. 1925ರಲ್ಲಿ ಈಜಿಪ್ಟಿನ ಅಲೆಕ್ಸಾಂಡ್ರಿಯಾದಲ್ಲಿ ಪ್ಲೇಗ್ ಹತ್ತಿದ ನಾಲ್ವರ ಗಡ್ಡೆಗಳಿಗೆ ಫೇಜ್ ಚುಚ್ಚಿದರು, ನಾಲ್ವರೂ ಬದುಕಿದರು. ಆ ವರದಿಯೇ ಅವರನ್ನು ಭಾರತಕ್ಕೆ ಕರೆತಂದದ್ದು.

ಇಲ್ಲಿ ಸ್ವಲ್ಪ ನಿಂತು ನೋಡುವುದು ಅಗತ್ಯ. 1927ರಲ್ಲಿ ದೆರೆಲ್, ರೆಜಿನಾಲ್ಡ್ ಮ್ಯಾಲೋನ್ ಮತ್ತು ಎಂ. ಎನ್. ಲಾಹಿರಿಯವರೊಡನೆ ಪಂಜಾಬಿನಲ್ಲಿ ಕಾಲರಾ ರೋಗಿಗಳಿಗೆ ಫೇಜ್ ಕೊಟ್ಟು, ಹಳ್ಳಿಯ ಬಾವಿಗಳಿಗೂ ಸುರಿಸಿದರು. ಅವರು ಕೊಟ್ಟ ಲೆಕ್ಕ ಬೆರಗು ಹುಟ್ಟಿಸುವಂತಿತ್ತು. ಆದರೆ ಫೇಜ್ ಪಡೆದವರೂ ಪಡೆಯದವರೂ ಒಂದೇ ಸ್ಥಿತಿಯಲ್ಲಿದ್ದ ರೋಗಿಗಳೇ ಎಂದು ಖಚಿತಪಡಿಸುವ ಏರ್ಪಾಡು ಆ ಪ್ರಯೋಗದಲ್ಲಿ ಇರಲಿಲ್ಲ. ಮುಂದೆ ಅಸ್ಸಾಮಿನಲ್ಲಿ, ಶಿಲ್ಲಾಂಗಿನ ಪಾಶ್ಚರ್ ಸಂಸ್ಥೆಯ ಮಾರಿಸನ್ ಇನ್ನೂ ದೊಡ್ಡ ಪ್ರಯೋಗಕ್ಕೆ ಕೈಹಾಕಿದರು. ನೌಗಾಂಗ್ ಪ್ರದೇಶದ ಹಳ್ಳಿಹಳ್ಳಿಗೆ ಮುಖಂಡರ ಮೂಲಕ ಫೇಜ್ ಸೀಸೆಗಳನ್ನು ಹಂಚುವುದು. ಇಂದಿನ ಬಾಂಗ್ಲಾದೇಶದಲ್ಲಿರುವ ಹಬೀಗಂಜ್ ಪ್ರದೇಶದಲ್ಲಿ ಹಂಚದೆ ಇಟ್ಟು ಹೋಲಿಸುವುದು. ಇದೇ ಕಾಲಕ್ಕೆ ಪಾಟ್ನಾದಲ್ಲಿ ಇಗೋರ್ ಅಶೆಶೊವ್ ಇನ್ನೊಂದು ತನಿಖೆ ನಡೆಸುತ್ತಿದ್ದರು. ಇಂದಿನ ವೈದ್ಯಕೀಯ ಸಂಶೋಧನಾ ಮಂಡಳಿಯ ಪೂರ್ವರೂಪವಾದ ಭಾರತೀಯ ಸಂಶೋಧನಾ ನಿಧಿ ಸಂಘ ಇವಕ್ಕೆಲ್ಲ ಬೆಂಬಲವಾಗಿತ್ತು. ಅಂದರೆ, ಒಂದು ಪ್ರಾಂತ್ಯದ ಜನಸಮುದಾಯದ ಮಟ್ಟದಲ್ಲಿ ಫೇಜ್ ಬಳಸಿ, ಫಲವನ್ನು ಹೋಲಿಕೆಯಿಂದ ಅಳೆಯಬೇಕೆಂಬ ಯೋಚನೆ ಅಷ್ಟು ಹಿಂದೆಯೇ ಈ ದೇಶದಲ್ಲಿ ಕಾರ್ಯರೂಪಕ್ಕೆ ಬಂದಿತ್ತು. ಇದು ನಾವು ನ್ಯಾಯವಾಗಿ ಹೆಮ್ಮೆಪಡಬಹುದಾದ ಸಂಗತಿ, ಹ್ಯಾಂಕಿನ್ ಪ್ರಸಂಗಕ್ಕಿಂತ ಹೆಚ್ಚಾಗಿ.

ನೌಗಾಂಗ್‌ನಲ್ಲಿ ಕಾಲರಾ ಸಾವು ಇಳಿಯಿತು. ಆದರೂ ಈ ಫಲಿತಾಂಶ ಜಗತ್ತಿಗೆ ಪೂರ್ತಿ ಒಪ್ಪಿಗೆಯಾಗಲಿಲ್ಲ. ಕಾಲರಾ ತಾನಾಗಿ ಏರಿ ಇಳಿಯುವ ಪಿಡುಗು. ಮಳೆ, ನೆರೆ, ಜನರ ಓಡಾಟ, ಹಿಂದಿನ ವರ್ಷದ ಪಿಡುಗಿನಿಂದ ಬಂದ ರೋಗನಿರೋಧಕ ಶಕ್ತಿ, ಎಲ್ಲವೂ ಅದನ್ನು ಬದಲಿಸುತ್ತವೆ. ಎರಡು ಪ್ರದೇಶಗಳನ್ನು ಹೋಲಿಸಿದರೆ ಆ ಎರಡರ ನಡುವಿನ ನೂರು ವ್ಯತ್ಯಾಸಗಳೂ ಲೆಕ್ಕದಲ್ಲಿ ಸೇರಿಕೊಳ್ಳುತ್ತವೆ. ಚೀಟಿ ಎತ್ತಿ ರೋಗಿಗಳನ್ನು ಗುಂಪು ಮಾಡುವ ಕ್ರಮ ಇನ್ನೂ ವೈದ್ಯಕೀಯದಲ್ಲಿ ನೆಲೆಯಾಗಿರಲಿಲ್ಲ. 1930ರ ದಶಕದ ನಡುವಿನಲ್ಲಿ ಈ ತನಿಖೆಗಳು ನಿಂತವು. ಕಾಲರಾಕ್ಕೆ ಮುಖ್ಯ ಮದ್ದು ಕಳೆದುಹೋದ ನೀರು ಉಪ್ಪನ್ನು ಮರಳಿ ತುಂಬುವುದೇ ಎಂಬ ತಿಳಿವಳಿಕೆ ಮುಂದೆ ಗಟ್ಟಿಯಾದ ಮೇಲೆ ಕಾಲರಾ ಫೇಜ್‌ನ ಅವಸರವೂ ಕಡಿಮೆಯಾಯಿತು.

ಪಶ್ಚಿಮದಲ್ಲಿ ನಡೆದದ್ದು ಇನ್ನಷ್ಟು ದುಃಖಕರ. ಔಷಧ ಕಂಪನಿಗಳು ಹುಣ್ಣು, ಕುರು, ಭೇದಿ, ಎಲ್ಲಕ್ಕೂ ಫೇಜ್ ಮಾರಿದವು. ಎಷ್ಟೋ ಸೀಸೆಗಳಲ್ಲಿ ಕೆಡದಿರಲೆಂದು ಹಾಕಿದ ಫೀನಾಲ್ ಮತ್ತು ಪಾದರಸದ ಸಂಯುಕ್ತಗಳು ಫೇಜ್‌ಗಳನ್ನೇ ಕೊಂದಿದ್ದವು. ಈಟನ್ ಮತ್ತು ಬೇನ್ ಜೋನ್ಸ್ ಅಮೆರಿಕದ ವೈದ್ಯಕೀಯ ಸಂಘಕ್ಕಾಗಿ 1934ರಲ್ಲಿ ಬರೆದ ವಿಮರ್ಶೆ, ಸ್ಟೆಫೈಲೊಕಾಕಸ್ ಬ್ಯಾಕ್ಟೀರಿಯಾದ ಸ್ಥಳೀಯ ಸೋಂಕುಗಳಂಥ ಕೆಲವನ್ನು ಬಿಟ್ಟರೆ ಆಧಾರ ಸಾಲದೆಂದು ತೀರ್ಪಿತ್ತಿತು. ಫೇಜ್ ಜೀವಿಯಲ್ಲ, ಒಂದು ಕಿಣ್ವವಿರಬೇಕು ಎಂಬ ವಾದವೂ ಆಗ ಬಲವಾಗಿತ್ತು. ಎಲೆಕ್ಟ್ರಾನ್ ಸೂಕ್ಷ್ಮದರ್ಶಕದಲ್ಲಿ ಅದರ ರೂಪ ಕಂಡದ್ದು 1940ರ ಸುಮಾರಿಗೆ. ಅಷ್ಟರಲ್ಲಿ ಪೆನಿಸಿಲಿನ್ ಬಂತು. ಯಾವ ಬ್ಯಾಕ್ಟೀರಿಯಾ ಎಂದು ಕೇಳದೆಯೇ ಕೊಡಬಹುದಾದ, ಕಪಾಟಿನಲ್ಲಿ ಇಡಬಹುದಾದ, ಎಲ್ಲ ಕಡೆಯೂ ಒಂದೇ ಆಗಿರುವ ಅಣು ಅದು. ಅದರ ಮುಂದೆ ಫೇಜ್ ಹಿಂದೆ ಸರಿದದ್ದು ಸಹಜ. ಆದರೆ ತಪ್ಪಾಗಿ ಬಳಸಿದರೆ ಬ್ಯಾಕ್ಟೀರಿಯಾ ಪೆನಿಸಿಲಿನ್ನಿಗೂ ಬಗ್ಗದಂತಾಗುತ್ತದೆ ಎಂದು ಅಲೆಕ್ಸಾಂಡರ್ ಫ್ಲೆಮಿಂಗ್ 1945ರ ತಮ್ಮ ನೊಬೆಲ್ ಉಪನ್ಯಾಸದಲ್ಲೇ ಎಚ್ಚರಿಸಿದ್ದರು.

ಫೇಜ್ ಚಿಕಿತ್ಸೆ ಉಳಿದುಕೊಂಡದ್ದು ಸೋವಿಯತ್ ಜಾರ್ಜಿಯಾದಲ್ಲಿ, ಪೋಲೆಂಡಿನಲ್ಲಿ. ಜಾರ್ಜಿಯಾದ ತ್ಬಿಲಿಸಿಯಲ್ಲಿ ಗಿಯೊರ್ಗಿ ಎಲಿಯಾವಾ 1923ರಲ್ಲಿ ಕಟ್ಟಿದ ಸಂಸ್ಥೆಗೆ ದೆರೆಲ್ ಕೂಡ ಬಂದು ಕೆಲಸ ಮಾಡಿದ್ದರು. ಸ್ಟಾಲಿನ್ನನ ದಮನದ ದಿನಗಳಲ್ಲಿ, 1937ರಲ್ಲಿ, ಎಲಿಯಾವಾ ಅವರನ್ನು ಬಂಧಿಸಿ ಕೊಂದರು. ಸಂಸ್ಥೆ ಮಾತ್ರ ಉಳಿಯಿತು; ಇಂದು ಅವರ ಹೆಸರನ್ನೇ ಹೊತ್ತಿದೆ. 1963 ಮತ್ತು 64ರಲ್ಲಿ ಆ ನಗರದ 30,769 ಮಕ್ಕಳ ಮೇಲೆ ಒಂದು ಪರೀಕ್ಷೆ ನಡೆಯಿತು. ಬೀದಿಯ ಒಂದು ಬದಿಯ ಮನೆಗಳ ಮಕ್ಕಳಿಗೆ ಆಮಶಂಕೆಯ ಫೇಜ್, ಎದುರು ಬದಿಯವರಿಗೆ ಬರೀ ಹುಸಿ ಗುಳಿಗೆ. ಫೇಜ್ ಇಲ್ಲದವರಲ್ಲಿ ಆಮಶಂಕೆ 3.8 ಪಟ್ಟು ಹೆಚ್ಚಿತ್ತು. ಅಸ್ಸಾಮಿನ ಹೋಲಿಕೆಗಿಂತ ಇದು ಎಷ್ಟೋ ಸೂಕ್ಷ್ಮವಾದದ್ದು, ಏಕೆಂದರೆ ಬೀದಿಯ ಎರಡು ಬದಿಗಳಿಗೂ ಮಳೆ, ನೀರು, ನೊಣ ಒಂದೇ. ಪಶ್ಚಿಮದ ವೈದ್ಯರು ಆ ಹೊತ್ತಿಗೆ ಇಂಥ ವರದಿಗಳನ್ನು ಓದುವುದನ್ನು ಬಿಟ್ಟಿದ್ದರು.

ಸಹೃದಯರೆ, ಈಗ ನಮ್ಮ ಕಾಲಕ್ಕೆ ಬರುತ್ತೇನೆ. 2015ರ ಕೊನೆಗೆ ಈಜಿಪ್ಟ್ ಪ್ರವಾಸದಲ್ಲಿದ್ದ ಅಮೆರಿಕದ ಪ್ರಾಧ್ಯಾಪಕ ಟಾಮ್ ಪ್ಯಾಟರ್ಸನ್ ಮೇದೋಜೀರಕಾಂಗದ ಉರಿಯೂತದಿಂದ ಹಾಸಿಗೆ ಹಿಡಿದರು. ಹೊಟ್ಟೆಯೊಳಗಿನ ಕೀವಿನಲ್ಲಿ ಸಿಕ್ಕ ಅಸಿನೆಟೊಬ್ಯಾಕ್ಟರ್ ಕೊನೆಗೆ ಯಾವ ಆ್ಯಂಟಿಬಯಾಟಿಕ್‌ಗೂ ಬಗ್ಗದಾಯಿತು. ಸ್ಯಾನ್ ಡಿಯೇಗೊದ ಆಸ್ಪತ್ರೆಯಲ್ಲಿ ಅವರು ಎಚ್ಚರ ತಪ್ಪಿ ಮಲಗಿದ್ದಾಗ, ಸ್ವತಃ ಸಾಂಕ್ರಾಮಿಕ ರೋಗ ತಜ್ಞೆಯಾದ ಪತ್ನಿ ಸ್ಟೆಫನಿ ಸ್ಟ್ರಾತ್ಡಿ ಹಳೆಯ ಸಾಹಿತ್ಯ ಹುಡುಕಿ ಫೇಜ್ ಸಂಶೋಧಕರಿಗೆ ಪತ್ರ ಬರೆದರು. ಟೆಕ್ಸಾಸಿನ ವಿಶ್ವವಿದ್ಯಾಲಯವೊಂದರ ಪ್ರಯೋಗಾಲಯವೂ ಅಮೆರಿಕದ ನೌಕಾಪಡೆಯ ಪ್ರಯೋಗಾಲಯವೂ ರೋಗಿಯ ಬ್ಯಾಕ್ಟೀರಿಯಾದ ಮೇಲೆ ತಮ್ಮ ಫೇಜ್‌ಗಳನ್ನು ಪರೀಕ್ಷಿಸಿ, ತಗಲುವವನ್ನು ಆರಿಸಿ, ಶುದ್ಧಗೊಳಿಸಿ ಕಳುಹಿಸಿದವು. ಔಷಧ ನಿಯಂತ್ರಕರು ತುರ್ತು ಅನುಮತಿ ಕೊಟ್ಟರು. 2016ರ ಮಾರ್ಚ್‌ನಲ್ಲಿ ಮೊದಲು ಹೊಟ್ಟೆಯ ಕೊಳವೆಗಳ ಮೂಲಕ, ಆಮೇಲೆ ರಕ್ತನಾಳದ ಮೂಲಕ ಫೇಜ್ ಕೊಟ್ಟಾಗ ಕೆಲವೇ ದಿನಗಳಲ್ಲಿ ಅವರಿಗೆ ಎಚ್ಚರ ಬಂತು.

ಕಥೆ ಇಷ್ಟಕ್ಕೇ ನಿಂತರೆ ಪವಾಡವೇ. ನನ್ನ ದೃಷ್ಟಿಯಲ್ಲಿ ಮುಖ್ಯವಾದದ್ದು ಆಮೇಲಿನ ಭಾಗ. ಚಿಕಿತ್ಸೆಯ ನಡುವೆಯೇ ಆ ಬ್ಯಾಕ್ಟೀರಿಯಾ ಮೊದಲ ಫೇಜ್‌ಗಳಿಗೆ ಬಗ್ಗದಂತಾಯಿತು. ಪ್ರಯೋಗಾಲಯ ಅದನ್ನು ಪತ್ತೆಹಚ್ಚಿ, ಬದಲಾದ ಬ್ಯಾಕ್ಟೀರಿಯಾಕ್ಕೆ ತಗಲುವ ಹೊಸ ಫೇಜ್ ಹುಡುಕಿ, ಮಿಶ್ರಣವನ್ನು ಬದಲಿಸಿತು. ಜೊತೆಯಲ್ಲಿ ಮಿನೊಸೈಕ್ಲಿನ್ ಎಂಬ ಆ್ಯಂಟಿಬಯಾಟಿಕ್ ಕೂಡ ಕೊಟ್ಟರು. ರೋಗಿಯನ್ನು ಉಳಿಸಿದ್ದು ಒಂದು ಸೀಸೆಯ ಮದ್ದು ಎನ್ನುವಂತಿಲ್ಲ. ನೋಡುವುದು, ಬದಲಿಸುವುದು, ಮತ್ತೆ ನೋಡುವುದು ಎಂಬ ಎಡೆಬಿಡದ ಕೆಲಸ ಅವರನ್ನು ಉಳಿಸಿತು.

ಬ್ರಸೆಲ್ಸ್ ವಿಮಾನ ನಿಲ್ದಾಣದ ಮೇಲೆ 2016ರಲ್ಲಿ ನಡೆದ ಬಾಂಬ್ ದಾಳಿಯಲ್ಲಿ ತೊಡೆಮೂಳೆ ಮುರಿದ ಮಹಿಳೆಯೊಬ್ಬರ ಪ್ರಕರಣವೂ ಇದನ್ನೇ ತೋರಿಸುತ್ತದೆ. ಗಾಯದೊಳಗಿನ ಕ್ಲೆಬ್ಸಿಯೆಲ್ಲಾ ಮೂಳೆ ಕೂಡಲು ಬಿಡಲಿಲ್ಲ. ಆ ಬ್ಯಾಕ್ಟೀರಿಯಾವನ್ನು ತ್ಬಿಲಿಸಿಗೆ ಕಳುಹಿಸಿದಾಗ ಎಲಿಯಾವಾ ಸಂಸ್ಥೆಯವರು ಅದಕ್ಕೆ ತಗಲುವ ಫೇಜ್ ಹುಡುಕಿ, ಅದೇ ಬ್ಯಾಕ್ಟೀರಿಯಾದ ಮೇಲೆ ಮತ್ತೆ ಮತ್ತೆ ಬೆಳೆಸಿ, ಕೊಲ್ಲುವ ಶಕ್ತಿ ಹೆಚ್ಚಿಸಿಕೊಟ್ಟರು. ಆದರೂ ಮದ್ದು ರೋಗಿಗೆ ಸಿಗುವ ಹೊತ್ತಿಗೆ ಗಾಯವಾಗಿ ಎರಡು ವರ್ಷ ಸಮೀಪಿಸಿತ್ತು. ಆ್ಯಂಟಿಬಯಾಟಿಕ್ ಜೊತೆಗೂಡಿಸಿ ಕೊಟ್ಟ ಮೇಲೆ ಸೋಂಕು ಹತೋಟಿಗೆ ಬಂದು ಮೂಳೆ ಕೂಡಿತು.

ಲಂಡನ್ನಿನಲ್ಲಿ ಶ್ವಾಸಕೋಶದ ಕಸಿ ಮಾಡಿಸಿಕೊಂಡಿದ್ದ ಹದಿನೈದರ ಹುಡುಗಿಯೊಬ್ಬಳ ಪ್ರಕರಣ 2019ರಲ್ಲಿ ಪ್ರಕಟವಾಯಿತು. ಕ್ಷಯದ ಬ್ಯಾಕ್ಟೀರಿಯಾದ ದೂರದ ನೆಂಟನಾದ ಮೈಕೊಬ್ಯಾಕ್ಟೀರಿಯಂ ಅಬ್ಸೆಸಸ್ ಅವಳ ಮೈಯೆಲ್ಲ ಹರಡಿತ್ತು. ಪಿಟ್ಸ್‌ಬರ್ಗಿನ ಗ್ರಹಾಂ ಹ್ಯಾಟ್‌ಫುಲ್ ಅವರ ತಂಡ ಮೂರು ಫೇಜ್‌ಗಳನ್ನು ಕೊಟ್ಟಿತು. ಎರಡರ ಜೀನ್‌ಗಳನ್ನು ತಿದ್ದಬೇಕಾಗಿತ್ತು. ತಿದ್ದದೆಯೇ ಕೆಲಸಕ್ಕೆ ಬಂದ ಮೂರನೆಯದು ದಕ್ಷಿಣ ಆಫ್ರಿಕಾದಲ್ಲಿ, ಕೊಳೆತ ಬದನೆಕಾಯಿಯೊಂದರ ಅಡಿಯಿಂದ, ವಿದ್ಯಾರ್ಥಿಗಳ ತರಬೇತಿ ಕಾರ್ಯಕ್ರಮದಲ್ಲಿ ಸಂಗ್ರಹವಾದದ್ದು. ಯಾವ ಕಾಯಿಲೆಗೆ ಉಪಯೋಗಕ್ಕೆ ಬಂದೀತೆಂದು ಗೊತ್ತಿಲ್ಲದೆ, ಕಲಿಕೆಗಾಗಿ ಕೂಡಿಟ್ಟ ಸಂಗ್ರಹವೇ ಒಂದು ಜೀವಕ್ಕೆ ಒದಗಿತು ಎಂಬುದನ್ನು ನಮ್ಮ ಕಾಲೇಜುಗಳ ಅಧ್ಯಾಪಕರು ಗಮನಿಸಬೇಕೆಂದು ಕೋರುತ್ತೇನೆ.

ಇಷ್ಟು ಗೆಲುವುಗಳ ಪಕ್ಕದಲ್ಲಿ, ಕಟ್ಟುನಿಟ್ಟಾದ ಪರೀಕ್ಷೆಗಳಲ್ಲಿ ಫೇಜ್ ಸೋತದ್ದನ್ನೂ ಇಡದಿದ್ದರೆ ನಾನು ತಮಗೆ ಅನ್ಯಾಯ ಮಾಡಿದಂತೆ. ಫ್ರಾನ್ಸ್ ಮತ್ತು ಬೆಲ್ಜಿಯಂನಲ್ಲಿ ಸುಟ್ಟಗಾಯಗಳಲ್ಲಿನ ಸ್ಯೂಡೊಮೊನಾಸ್ ಬ್ಯಾಕ್ಟೀರಿಯಾದ ಸೋಂಕಿಗೆ 12 ಫೇಜ್‌ಗಳ ಮಿಶ್ರಣವನ್ನು ರೂಢಿಯ ಬೆಳ್ಳಿಯ ಮುಲಾಮಿನೊಡನೆ ಹೋಲಿಸಿದರು. ಮಿಲಿಲೀಟರಿಗೆ ಹತ್ತು ಲಕ್ಷ ಫೇಜ್ ಇರಬೇಕಿತ್ತು. ತಯಾರಾದ ಮೇಲೆ ಸಂಖ್ಯೆ ಕುಸಿದು, ಗಾಯಕ್ಕೆ ಬೀಳುವಾಗ ನೂರರ ಮಟ್ಟಕ್ಕೆ ಇಳಿದಿತ್ತು. ಮುಲಾಮೇ ಬೇಗ ಕೆಲಸ ಮಾಡಿತು. ಢಾಕಾದಲ್ಲಿ ಭೇದಿಯ 120 ಮಕ್ಕಳ ಮೇಲೆ ನಡೆದ ಪರೀಕ್ಷೆಯಲ್ಲಿ ಇ. ಕೋಲಿ ಬ್ಯಾಕ್ಟೀರಿಯಾಕ್ಕೆ ತಗಲುವ ಫೇಜ್‌ಗಳಿಂದ ಹಾನಿಯಾಗಲಿಲ್ಲ, ಲಾಭವೂ ಆಗಲಿಲ್ಲ. ಮಕ್ಕಳ ಮಲದಲ್ಲಿ ಇ. ಕೋಲಿಯ ಪಾಲೇ ಸಣ್ಣದಿತ್ತು. ಫೇಜ್ ಹೆಚ್ಚಲು ಸಾಂದ್ರತೆ ಬೇಕೆಂಬ ಷರತ್ತನ್ನು ಆಗಲೇ ಹೇಳಿದೆನಲ್ಲ, ಅದು ಇಲ್ಲಿ ಪೂರೈಸಲಿಲ್ಲ. ತ್ಬಿಲಿಸಿಯಲ್ಲೇ ಮೂತ್ರಸೋಂಕಿನ ಮೇಲೆ ನಡೆದು 2021ರಲ್ಲಿ ಪ್ರಕಟವಾದ ಪರೀಕ್ಷೆಯಲ್ಲಿ ಮೂತ್ರಕೋಶವನ್ನು ಫೇಜ್ ದ್ರಾವಣದಿಂದ ತೊಳೆದದ್ದು, ಫೇಜ್ ಇಲ್ಲದ ದ್ರಾವಣದಿಂದ ತೊಳೆದದ್ದಕ್ಕಿಂತ ಮೇಲೆನಿಸಲಿಲ್ಲ.

ಬೆಲ್ಜಿಯಂ ತಂಡವೊಂದು 12 ದೇಶಗಳ 100 ಪ್ರಕರಣಗಳನ್ನು ಒಟ್ಟುಗೂಡಿಸಿ 2024ರಲ್ಲಿ ವರದಿ ಮಾಡಿತು. 77.2 ಪ್ರತಿಶತ ಪ್ರಕರಣಗಳಲ್ಲಿ ಸುಧಾರಣೆ ಕಂಡಿತ್ತು, 61.3 ಪ್ರತಿಶತದಲ್ಲಿ ಗುರಿಯಿಟ್ಟ ಬ್ಯಾಕ್ಟೀರಿಯಾ ನಿರ್ಮೂಲವಾಗಿತ್ತು. ಹೋಲಿಕೆಯ ಗುಂಪಿಲ್ಲದ ಈ ಸಂಖ್ಯೆಗಳನ್ನು ಗುಣವಾಗುವ ಭರವಸೆಯೆಂದು ಓದಬಾರದು. ಆದರೆ ಅದರೊಳಗಿನ ಇನ್ನೊಂದು ಅಂಶವನ್ನು ನಾನು ಬಲು ಮುಖ್ಯವೆಂದು ಭಾವಿಸುತ್ತೇನೆ: ಜೊತೆಗೆ ಆ್ಯಂಟಿಬಯಾಟಿಕ್ ಕೊಡದಿದ್ದಲ್ಲಿ ನಿರ್ಮೂಲದ ಸಾಧ್ಯತೆ 70 ಪ್ರತಿಶತ ಕಡಿಮೆಯಿತ್ತು. ಫೇಜ್ ಆ್ಯಂಟಿಬಯಾಟಿಕ್‌ನ ಬದಲಿಯಲ್ಲ, ಜೊತೆಗಾರ.

ಏಕೆ ಹೀಗೆಂದು ತಿಳಿಯಲು ಬ್ಯಾಕ್ಟೀರಿಯಾ ಫೇಜ್‌ಗಳಿಂದ ತಪ್ಪಿಸಿಕೊಳ್ಳುವ ಬಗೆಯನ್ನು ನೋಡಬೇಕು. ಈ ಪೈಪೋಟಿ ಬಲು ಹಳೆಯದು. ಹೊರಗಿನ ಡಿಎನ್‌ಎಯನ್ನು ಕತ್ತರಿಸುವ ಕಿಣ್ವಗಳು ಬ್ಯಾಕ್ಟೀರಿಯಾದಲ್ಲಿವೆ. ಕೆಲವು ಫೇಜ್‌ಗಳು ಅದಕ್ಕೂ ದಾರಿ ಕಂಡುಕೊಂಡಿವೆ. ಮ್ಯು ಎಂಬ ಫೇಜ್ ತನ್ನ ಡಿಎನ್‌ಎಯ ಅಕ್ಷರವೊಂದಕ್ಕೆ ರಾಸಾಯನಿಕ ಗುರುತು ಹಚ್ಚಿ ಆ ಕತ್ತರಿಯಿಂದ ಪಾರಾಗುತ್ತದೆ. ಇದರ ಬಗ್ಗೆ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ವಿ. ನಾಗರಾಜ ಮತ್ತು ಅವರ ಶಿಷ್ಯರು ಮಹತ್ವದ ಕೆಲಸ ಮಾಡಿದ್ದಾರೆ. ಮೊಸರಿನ ಕಾರ್ಖಾನೆಗಳಿಗೆ ಫೇಜ್ ಹಳೆಯ ಶತ್ರು, ಹೆಪ್ಪಿನ ಬ್ಯಾಕ್ಟೀರಿಯಾವನ್ನೇ ಅದು ಕೊಂದುಬಿಡುತ್ತದೆ. ಕ್ರಿಸ್ಪರ್ ಎಂಬ ವ್ಯವಸ್ಥೆ ಹಿಂದಿನ ಫೇಜ್ ದಾಳಿಯನ್ನು ನೆನಪಿಟ್ಟುಕೊಂಡು ರಕ್ಷಿಸುತ್ತದೆಂದು 2007ರಲ್ಲಿ ತೋರಿಸಿದ್ದು ಮೊಸರಿನ ಬ್ಯಾಕ್ಟೀರಿಯಾದಲ್ಲೇ. ಇಂದು ಜೀನ್ ತಿದ್ದುವ ತಂತ್ರವಾಗಿ ಹೆಸರಾದ ಕ್ರಿಸ್ಪರ್ ಇದೇ.

ಹಾಗಾದರೆ ಫೇಜ್‌ಗೂ ಬಗ್ಗದ ಬ್ಯಾಕ್ಟೀರಿಯಾ ಹುಟ್ಟಿದರೆ ಎಲ್ಲ ವ್ಯರ್ಥವೆ? ಅಲ್ಲ, ಏಕೆಂದರೆ ತಪ್ಪಿಸಿಕೊಳ್ಳುವುದಕ್ಕೆ ಬ್ಯಾಕ್ಟೀರಿಯಾ ಬೆಲೆ ತೆರಬೇಕಾಗುತ್ತದೆ. ಯೇಲ್ ವಿಶ್ವವಿದ್ಯಾಲಯದ ಬೆಂಜಮಿನ್ ಚಾನ್ ಮತ್ತು ಪಾಲ್ ಟರ್ನರ್ ಅವರ ತಂಡ ಕನೆಕ್ಟಿಕಟ್ ರಾಜ್ಯದ ಕೊಳವೊಂದರಲ್ಲಿ ಸಿಕ್ಕ ಫೇಜ್ ಕುರಿತು 2016ರಲ್ಲಿ ಬರೆಯಿತು. ಸ್ಯೂಡೊಮೊನಾಸ್ ತನ್ನೊಳಗೆ ಬಂದ ಆ್ಯಂಟಿಬಯಾಟಿಕ್ಕನ್ನು ಹೊರಗೆ ಹಾಕಲು ಬಳಸುವ ಪಂಪಿನ ಭಾಗವನ್ನೇ ಆ ಫೇಜ್ ಹಿಡಿದುಕೊಳ್ಳುತ್ತದೆ. ಫೇಜ್‌ನಿಂದ ಪಾರಾಗಲು ಬ್ಯಾಕ್ಟೀರಿಯಾ ಆ ಪಂಪನ್ನು ಬದಲಿಸಿದರೆ ಔಷಧವನ್ನು ಹೊರದಬ್ಬುವ ಸಾಮರ್ಥ್ಯ ಕುಗ್ಗಿ, ಹಳೆಯ ಔಷಧಕ್ಕೆ ಮತ್ತೆ ಬಗ್ಗುತ್ತದೆ. ಮಹಾಪಧಮನಿಗೆ ಜೋಡಿಸಿದ ಕೃತಕ ನಾಳದಲ್ಲಿ ವರ್ಷಗಟ್ಟಲೆ ಬೇರೂರಿದ್ದ ಸೋಂಕನ್ನು ಈ ಫೇಜ್ ಮತ್ತು ಸೆಫ್ಟಾಜಿಡಿಮ್ ಎಂಬ ಆ್ಯಂಟಿಬಯಾಟಿಕ್ ಸೇರಿಸಿ ಅಡಗಿಸಿದ ವರದಿ 2018ರಲ್ಲಿ ಬಂತು. ಹೊದಿಕೆಯನ್ನು ಹಿಡಿಯುವ ಫೇಜ್‌ನಿಂದ ಪಾರಾಗಲು ಕ್ಲೆಬ್ಸಿಯೆಲ್ಲಾ ಹೊದಿಕೆ ಕಳಚಿದರೆ, ನಮ್ಮ ಬಿಳಿ ರಕ್ತಕಣಗಳಿಗೆ ಅದು ಸುಲಭದ ತುತ್ತು. ರೋಗಾಣುವಿನ ವಿಕಾಸವನ್ನು ತಡೆಯಲಾಗದಿದ್ದರೂ ಅದು ಸಾಗುವ ದಾರಿಯನ್ನು ನಾವು ಆರಿಸಬಹುದು. ಫೇಜ್ ಚಿಕಿತ್ಸೆಯ ಅತ್ಯಂತ ಆಳವಾದ ವಿಚಾರ ಇದು ಎಂದು ನನ್ನ ನಂಬಿಕೆ.

ಎಲ್ಲ ಫೇಜ್‌ಗಳೂ ಮದ್ದಿಗೆ ಯೋಗ್ಯವಲ್ಲ. ಕೆಲವು ಬ್ಯಾಕ್ಟೀರಿಯಾವನ್ನು ಕೊಲ್ಲದೆ ಅದರ ಡಿಎನ್‌ಎಯೊಳಗೆ ಸೇರಿ ಕೂರುತ್ತವೆ. ಡಿಫ್ತೀರಿಯಾದ ವಿಷದ ಜೀನನ್ನೂ, ಕಾಲರಾದ ವಿಷದ ಜೀನನ್ನೂ ಹೊತ್ತು ತಂದಿರುವುದು ಇಂಥ ಫೇಜ್‌ಗಳೇ. ಆದ್ದರಿಂದ ಜೀನ್‌ಗಳ ಪೂರ್ಣ ಓದು ಆಗದ ಫೇಜ್ ರೋಗಿಯ ಮೈ ಸೇರಬಾರದು. ಒಡೆದ ಬ್ಯಾಕ್ಟೀರಿಯಾದ ಗೋಡೆಯ ಚೂರುಗಳು ರಕ್ತಕ್ಕೆ ಹೋದರೆ ಜ್ವರ, ರಕ್ತದೊತ್ತಡದ ಕುಸಿತ ಉಂಟಾಗುತ್ತದೆ. ಅವನ್ನು ತೆಗೆದು ಶುದ್ಧಗೊಳಿಸಬೇಕು. ಗಂಗಾಜಲವನ್ನೋ ಇನ್ನಾವುದೋ ನದಿಯ ನೀರನ್ನೋ ಕುಡಿದರೆ ಫೇಜ್ ಚಿಕಿತ್ಸೆಯಾಗುತ್ತದೆ ಎಂದು ಹರಡುವ ಮಾತುಗಳು ಅಪಾಯಕಾರಿ. ಅದೇ ನೀರಿನಲ್ಲಿ ರೋಗಾಣುಗಳೂ ಇವೆ.

ಇನ್ನು ನಿಯಮಗಳು. ಔಷಧ ಕಾನೂನುಗಳು ಬಹುಮಟ್ಟಿಗೆ ರೂಪುಗೊಂಡಿರುವುದು, ತಯಾರಾದಾಗಿನಿಂದ ಬಳಕೆಯವರೆಗೆ ಬದಲಾಗದ ವಸ್ತುವಿಗೆ. ಫೇಜ್ ಮಿಶ್ರಣ ಬ್ಯಾಕ್ಟೀರಿಯಾದೊಡನೆ ಬದಲಾಗಬೇಕು. ಬೆಲ್ಜಿಯಂ 2018ರ ಹೊತ್ತಿಗೆ ಇದಕ್ಕೊಂದು ದಾರಿ ಮಾಡಿತು: ವೈದ್ಯರ ಚೀಟಿಯ ಮೇರೆಗೆ ಆಸ್ಪತ್ರೆಯ ಔಷಧಶಾಸ್ತ್ರಜ್ಞರು ಒಬ್ಬ ರೋಗಿಗಾಗಿ ತಯಾರಿಸಬಹುದು, ಆದರೆ ಮೂಲ ಫೇಜ್ ದ್ರಾವಣ ಗೊತ್ತುಪಡಿಸಿದ ಪ್ರಯೋಗಾಲಯದ ಪರೀಕ್ಷೆ ದಾಟಿರಬೇಕು. ಸಹಜ ಫೇಜ್‌ಗೆ ಪೇಟೆಂಟ್ ಪಡೆಯುವುದು ಕಷ್ಟ, ಒಬ್ಬೊಬ್ಬ ರೋಗಿಗೂ ಬೇರೆ ಬೇರೆ ಮದ್ದು. ಕಂಪನಿಗಳ ಉತ್ಸಾಹ ಕಡಿಮೆಯಿರುವುದು ಅದಕ್ಕೇ. ಈ ಕೆಲಸ ಸಾರ್ವಜನಿಕ ಸಂಸ್ಥೆಗಳ ಹೆಗಲಿಗೆ ಬರಬೇಕೆಂದು ನಾನು ವಾದಿಸುವುದೂ ಅದಕ್ಕೇ.

ನಮ್ಮಲ್ಲಿ ಏನೂ ಆಗಿಲ್ಲವೆಂದಲ್ಲ. ಕಾಶಿಯ ಬನಾರಸ್ ಹಿಂದೂ ವಿಶ್ವವಿದ್ಯಾಲಯದಲ್ಲಿ ಗೋಪಾಲ್ ನಾಥ್ ಅವರ ತಂಡ ವಾಸಿಯಾಗದ ಹಳೆಯ ಗಾಯಗಳ ಮೇಲೆ ಫೇಜ್ ಹಚ್ಚಿ ಫಲ ಪ್ರಕಟಿಸಿದೆ. ಬೆಂಗಳೂರಿನ ಗಂಗಾಜೆನ್ ಕಂಪನಿ ಇಡೀ ಫೇಜ್‌ನ ಬದಲು, ಫೇಜ್ ಬಾಲದಲ್ಲಿರುವ, ಬ್ಯಾಕ್ಟೀರಿಯಾದ ಗೋಡೆ ಕರಗಿಸುವ ಕಿಣ್ವಕ್ಕೆ, ಬ್ಯಾಕ್ಟೀರಿಯಾವನ್ನು ಹಿಡಿಯುವ ಇನ್ನೊಂದು ಪ್ರೋಟೀನಿನ ತುಂಡು ಜೋಡಿಸಿ, ಸ್ಟೆಫೈಲೊಕಾಕಸ್ ವಿರುದ್ಧ ಪಿ128 ಎಂಬ ಪ್ರೋಟೀನನ್ನು ರೂಪಿಸಿತು. ಆದರೂ ಇಂದು ನಮ್ಮ ರೋಗಿಗಳಲ್ಲಿ ಹಣವಿದ್ದವರು ಜಾರ್ಜಿಯಾಕ್ಕೆ ಹೋಗುತ್ತಾರೆ. ಇಲ್ಲದವರ ಬ್ಯಾಕ್ಟೀರಿಯಾವನ್ನು ಫೇಜ್ ಎದುರು ಇಟ್ಟು ನೋಡುವ ಏರ್ಪಾಡು ಜಿಲ್ಲಾ ಆಸ್ಪತ್ರೆಯಲ್ಲಿ ಇಲ್ಲ. ಎಷ್ಟೋ ಕಡೆ ಬ್ಯಾಕ್ಟೀರಿಯಾ ಯಾವುದೆಂದು ಬೆಳೆಸಿ ನೋಡುವ ಸೌಲಭ್ಯವೇ ದುರ್ಬಲವಾಗಿದೆ, ಫೇಜ್ ಮಾತು ಆಮೇಲಿನದು. ಹೀಗಾಗಿ ಹೀಗೆ ಬೆಳೆಸಿ ನೋಡುವ ಕಲ್ಚರ್ ಪರೀಕ್ಷೆಯನ್ನು ಬಲಪಡಿಸಲು ಖರ್ಚಾಗುವ ಪ್ರತಿ ರೂಪಾಯಿಯೂ ಫೇಜ್ ಚಿಕಿತ್ಸೆಗೂ ಸಲ್ಲುತ್ತದೆ, ಆ್ಯಂಟಿಬಯಾಟಿಕ್‌ಗಳ ವಿವೇಕದ ಬಳಕೆಗೂ ಸಲ್ಲುತ್ತದೆ.

ನಾನು ಸೂಚಿಸುವ ಮೊದಲ ಹೆಜ್ಜೆ ಸಣ್ಣದು. ಸಕ್ಕರೆ ಕಾಯಿಲೆಯವರ ಪಾದದ ಹುಣ್ಣನ್ನು ಆರಿಸಿಕೊಳ್ಳೋಣ. ಈ ಹುಣ್ಣು ನಮ್ಮಲ್ಲಿ ಬಹಳ, ಕಾಲು ಕತ್ತರಿಸುವವರೆಗೂ ಹೋಗುತ್ತದೆ. ಮದ್ದನ್ನು ನೇರವಾಗಿ ಗಾಯಕ್ಕೇ ಹಚ್ಚಬಹುದು, ದಿನದಿನವೂ ಅಲ್ಲಿಂದ ಮಾದರಿ ತೆಗೆದು ಬ್ಯಾಕ್ಟೀರಿಯಾವನ್ನೂ ಫೇಜನ್ನೂ ಎಣಿಸಬಹುದು. ರೂಢಿಯ ಚಿಕಿತ್ಸೆಯನ್ನು ಎಲ್ಲರಿಗೂ ಕೊಟ್ಟು, ಚೀಟಿ ಎತ್ತಿ ಅರ್ಧ ಜನರಿಗೆ ಹೊಂದಿಕೆಯಾದ ಫೇಜ್ ಸೇರಿಸಬೇಕು. ಹಚ್ಚುವ ದಿನವೇ ಸೀಸೆಯಲ್ಲಿನ ಜೀವಂತ ಫೇಜ್ ಎಣಿಕೆಯಾಗಬೇಕು. ಫಲ ಕಾಣದ ರೋಗಿಗಳ ವಿವರ ಫಲ ಕಂಡವರಷ್ಟೇ ವಿವರವಾಗಿ ಅಚ್ಚಾಗಬೇಕು. ಇದಕ್ಕೆ ಮುಂಚೆ ಸ್ಯೂಡೊಮೊನಾಸ್, ಸ್ಟೆಫೈಲೊಕಾಕಸ್, ಕ್ಲೆಬ್ಸಿಯೆಲ್ಲಾಗಳ ಸ್ಥಳೀಯ ತಳಿಗಳಿಗೆ ತಗಲುವ ಫೇಜ್‌ಗಳ ಸಂಗ್ರಹ ಆಗಿರಬೇಕು. ಹುಡುಕುವ ಕೆಲಸಕ್ಕೆ ದುಬಾರಿ ಯಂತ್ರ ಬೇಡ: ಆಸ್ಪತ್ರೆಯ ಚರಂಡಿಯ ನೀರು, ಸೂಕ್ಷ್ಮ ಶೋಧಕ, ಅಗಾರ್ ತಟ್ಟೆ, ತರಬೇತಾದ ಕೈ ಇದ್ದರೆ ಸಾಕು. ಜೀನ್ ಓದಿಸಲು ಬೆಂಗಳೂರಿನ ಸಂಸ್ಥೆಗಳಿವೆ. ಹಾಸನದ, ಕಲಬುರಗಿಯ, ಹುಬ್ಬಳ್ಳಿಯ ವೈದ್ಯಕೀಯ ಕಾಲೇಜುಗಳ ಸೂಕ್ಷ್ಮಜೀವಿ ವಿಭಾಗಗಳು ಸ್ನಾತಕೋತ್ತರ ವಿದ್ಯಾರ್ಥಿಗಳ ಪ್ರಬಂಧಕ್ಕಾಗಿ ಈ ಸಂಗ್ರಹವನ್ನು ಬರುವ ಶೈಕ್ಷಣಿಕ ವರ್ಷದಲ್ಲೇ ಆರಂಭಿಸಬಹುದು.